ಆದಾಯ ತೆರಿಗೆ ರಿಟರ್ನ್ ನೀವೇ ತುಂಬಬೇಕೋ, ಆಡಿಟರ್ ಹತ್ತಿರ ಹೋಗಬೇಕೋ? ಉತ್ತರ ಕನ್ನಡದವರಿಗೆ ಹಂತ ಹಂತದ ಮಾರ್ಗದರ್ಶಿ

ಜುಲೈ ಕೊನೆಯ ವಾರ ಬಂತೆಂದರೆ ಕಾರವಾರ, ಕುಮಟಾ, ಶಿರಸಿ ಕಡೆಯವರು ಕೇಳುವುದು ಇದೊಂದೇ: 'ಆ್ಯಪ್‌ನಲ್ಲಿ ಹಾಕಿದ್ರೆ ಸಾಕಾ, ಆಡಿಟರ್ ಹತ್ತಿರ ಹೋಗಬೇಕಾ?' ಎಷ್ಟೋ ಜನ ಈ ತೀರ್ಮಾನವನ್ನು ಮೊದಲು ಮಾಡಿ, ಕಾಗದಪತ್ರ ಆಮೇಲೆ ಹುಡುಕುತ್ತಾರೆ. ಎಡವುವುದೇ ಅಲ್ಲಿ. ನಿಮಗೆ ಯಾವ ಯಾವ ಬಗೆಯ ಆದಾಯ ಇದೆ ಎಂದು ತಿಳಿಯದೆ ಸಾಫ್ಟ್‌ವೇರ್ ಸಾಕೋ ಬೇಡವೋ ಎಂದು ಯಾರೂ ಹೇಳಲಾರರು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ತೀರ್ಮಾನ ಬರುವುದು ನಾಲ್ಕನೇ ಹಂತದಲ್ಲಿ.

ಇಲ್ಲಿರುವ ಅಂಕಿಗಳು 2025-26ರ ಆದಾಯಕ್ಕೆ, ಅಂದರೆ 2026ರ ಮಾರ್ಚ್ 31ರ ತನಕ ಬಂದ ಹಣಕ್ಕೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಆದರೆ ಅದಕ್ಕಿಂತ ಹಿಂದಿನ ಆದಾಯದ ಲೆಕ್ಕ 1961ರ ಕಾಯ್ದೆಯ ಪ್ರಕಾರವೇ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಪ್ಯಾನ್, ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್. ಎಲ್ಲ ಬ್ಯಾಂಕ್ ಖಾತೆಗಳ ಏಪ್ರಿಲ್‌ನಿಂದ ಮಾರ್ಚ್ ತನಕದ ಸ್ಟೇಟ್‌ಮೆಂಟ್. ನೌಕರಿಯವರಿಗೆ ಫಾರ್ಮ್ 16 (ಸಂಬಳ ಮತ್ತು ಹಿಡಿದ ತೆರಿಗೆಯ ಬಗ್ಗೆ ಕೆಲಸ ಕೊಟ್ಟವರು ಕೊಡುವ ಸರ್ಟಿಫಿಕೇಟ್), ಇದು ಸಾಮಾನ್ಯವಾಗಿ ಜೂನ್ 15ರ ಹೊತ್ತಿಗೆ ಸಿಗುತ್ತದೆ. ಠೇವಣಿ ಇದ್ದವರಿಗೆ ಬಡ್ಡಿ ಸರ್ಟಿಫಿಕೇಟ್. ತೋಟ ಇದ್ದವರಿಗೆ ಪಹಣಿ, ಅಡಿಕೆ ಮಾರಿದ ಪಟ್ಟಿಗಳು, ಕೂಲಿ ಮತ್ತು ಗೊಬ್ಬರದ ಲೆಕ್ಕ. ಕೆಲಸ ಮೊಬೈಲ್‌ನಲ್ಲೂ ಆಗುತ್ತದೆ, ಆದರೆ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಸಣ್ಣ ಪರದೆಯಲ್ಲಿ ಅರ್ಧ ಕಾಲಂ ಕಾಣದೇ ಹೋಗುತ್ತದೆ.

ಹಂತ 1: ಪೋರ್ಟಲ್ ನಿಮ್ಮ ಕೈಯಲ್ಲಿರಲಿ

ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಸರ್ಕಾರದ ಪೋರ್ಟಲ್. ಬಳಸುವುದಕ್ಕೆ ದುಡ್ಡಿಲ್ಲ. ಆಮೇಲೆ ಆಡಿಟರ್ ಹತ್ತಿರವೇ ಹೋಗುತ್ತೀರಾದರೂ ಇಲ್ಲಿ ನೀವೇ ಲಾಗಿನ್ ಆಗುವಂತಿರಬೇಕು.

ಒಳಗೆ ಹೋದ ಮೇಲೆ 'ಮೈ ಪ್ರೊಫೈಲ್' ತೆರೆದು ಮೊಬೈಲ್ ಸಂಖ್ಯೆ, ಇಮೇಲ್ ಯಾರದ್ದಿದೆ ನೋಡಿ. ಎಷ್ಟೋ ವರ್ಷಗಳ ಹಿಂದೆ ಸೈಬರ್ ಸೆಂಟರ್‌ನಲ್ಲಿ ಖಾತೆ ಮಾಡಿಸಿದವರದ್ದರಲ್ಲಿ ಅಂಗಡಿಯವರ ಇಮೇಲ್ ಇರುತ್ತದೆ. ಇಲಾಖೆ ಕಳಿಸುವ ನೋಟಿಸ್ ಆ ಇಮೇಲ್‌ಗೆ ಹೋಗುತ್ತದೆ. ಅಂಗಡಿ ಮುಚ್ಚಿದ್ದರೆ ಯಾರೂ ನೋಡುವುದಿಲ್ಲ, ಉತ್ತರ ಕೊಡುವ ಗಡುವು ಮಾತ್ರ ಮುಗಿದಿರುತ್ತದೆ. ಇದನ್ನು ಇವತ್ತೇ ಬದಲಿಸಿ. ರಿಫಂಡ್ ಬರಬೇಕಾದ ಬ್ಯಾಂಕ್ ಖಾತೆಯನ್ನು ಪ್ರೀ-ವ್ಯಾಲಿಡೇಟ್ ಮಾಡಿ, ಅಂದರೆ ಅದು ನಿಮ್ಮದೇ ಎಂದು ಪೋರ್ಟಲ್‌ನಲ್ಲಿ ಮೊದಲೇ ಖಚಿತಪಡಿಸಿ. ಪ್ಯಾನ್-ಆಧಾರ್ ಜೋಡಣೆ ಆಗಿದೆಯೇ ಎಂದೂ ಅಲ್ಲೇ ನೋಡಿಕೊಳ್ಳಿ. ಜೋಡಣೆ ಆಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ರಿಫಂಡ್ ಬರುವುದಿಲ್ಲ.

ಹಂತ 2: ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ಇಳಿಸಿಕೊಂಡು ಪಾಸ್‌ಬುಕ್ ಜೊತೆ ತಾಳೆ ನೋಡಿ

ಪೋರ್ಟಲ್‌ನಿಂದ ಎರಡು ದಾಖಲೆ ಬೇಕು. 26ಎಎಸ್‌ನಲ್ಲಿ ನಿಮ್ಮ ಹೆಸರಲ್ಲಿ ಕಡಿತವಾದ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದ ತೆರಿಗೆ) ಇರುತ್ತದೆ. ಎಐಎಸ್‌ನಲ್ಲಿ ಬಡ್ಡಿ, ಡಿವಿಡೆಂಡ್, ಶೇರು ಮಾರಾಟ, ಆಸ್ತಿ ನೋಂದಣಿ ಇತ್ಯಾದಿ ಇಲಾಖೆಗೆ ಗೊತ್ತಾದ ಮಾಹಿತಿ ಇರುತ್ತದೆ. ಎಐಎಸ್‌ನ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ. ಪ್ಯಾನ್ ಅನ್ನು ಸಣ್ಣ ಅಕ್ಷರದಲ್ಲಿ ಹೊಡೆದು, ಜಾಗ ಬಿಡದೆ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಎಂಟು ಅಂಕಿಯಲ್ಲಿ ಸೇರಿಸಿ.

ಈಗ ಒಂದೊಂದೇ ಸಾಲನ್ನು ಪಾಸ್‌ಬುಕ್ ಜೊತೆ ಹೋಲಿಸಿ. ಎರಡು ಥರದ ವ್ಯತ್ಯಾಸ ಸಿಗಬಹುದು.

ಒಂದು, ಎಐಎಸ್‌ನಲ್ಲಿ ಇದೆ, ನಿಮ್ಮದಲ್ಲ. ಅಮ್ಮನ ದುಡ್ಡಿನ ಠೇವಣಿಗೆ ನಿಮ್ಮ ಹೆಸರು ಮೊದಲು ಹಾಕಿಸಿದ್ದರೆ ಪೂರ್ತಿ ಬಡ್ಡಿ ನಿಮ್ಮ ಪ್ಯಾನ್‌ಗೇ ಬಂದು ಕೂರುತ್ತದೆ. ಆ ಸಾಲಿನ ಮುಂದೆ ಫೀಡ್‌ಬ್ಯಾಕ್ ಕೊಡುವ ಗುಂಡಿ ಇದೆ. ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು ಎಂಬ ಆಯ್ಕೆ ಅಲ್ಲಿ ಸಿಗುತ್ತದೆ. ಸುಮ್ನೆ ಬಿಟ್ಟರೆ ನಾಳೆ ನೋಟಿಸ್‌ಗೆ ಉತ್ತರ ಬರೆಯಬೇಕಾಗುತ್ತದೆ.

ಇನ್ನೊಂದು, ನಿಮ್ಮದೇ ಆದಾಯ, ಎಐಎಸ್‌ನಲ್ಲಿ ಇಲ್ಲ. ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಇದರಲ್ಲೇ, ಅದೂ ಸೊಸೈಟಿ ಠೇವಣಿಯಲ್ಲಿ. ಸದಸ್ಯರ ಠೇವಣಿ ಬಡ್ಡಿಗೆ ಬಹಳಷ್ಟು ಸಹಕಾರಿ ಸಂಘಗಳು ಟಿಡಿಎಸ್ ಹಿಡಿಯುವುದಿಲ್ಲ. 'ಟಿಡಿಎಸ್ ಹಿಡಿದಿಲ್ಲ, ಅಂದ್ರೆ ತೆರಿಗೆ ಇಲ್ಲ' ಎಂದು ಜನ ತಿಳಿಯುತ್ತಾರೆ. ಬಡ್ಡಿ ನಿಮ್ಮ ಆದಾಯವೇ. ಸಂಘಕ್ಕೆ ಹೋಗಿ ವರ್ಷದ ಬಡ್ಡಿಯ ಸರ್ಟಿಫಿಕೇಟ್ ಬರೆಸಿಕೊಂಡು ಬನ್ನಿ. ಪೋರ್ಟಲ್ ತಾನಾಗಿ ತುಂಬಿಕೊಡುವ ಫಾರ್ಮ್‌ನಲ್ಲಿ ಈ ಮೊತ್ತ ಇಲ್ಲದೇ ಇರಬಹುದು, ನೀವೇ ಸೇರಿಸಬೇಕು.

ಹಂತ 3: ಆದಾಯವನ್ನು ಬಗೆ ಬಗೆಯಾಗಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ವರ್ಷದಲ್ಲಿ ಬಂದ ಎಲ್ಲ ಹಣವನ್ನೂ ಸಂಬಳ ಅಥವಾ ಪಿಂಚಣಿ, ಮನೆ ಬಾಡಿಗೆ, ವ್ಯಾಪಾರ ಅಥವಾ ವೃತ್ತಿ, ಆಸ್ತಿ ಮತ್ತು ಶೇರು ಮಾರಿದ ಲಾಭ, ಬಡ್ಡಿ, ಕೃಷಿ ಎಂದು ಬೇರೆ ಬೇರೆ ಬರೆಯಿರಿ. ಕೃಷಿಗೆ ತೆರಿಗೆ ಇಲ್ಲ ಎಂದು ಅದನ್ನು ಬಿಡಬೇಡಿ. ಯಾಕೆಂದು ಮುಂದಿನ ಹಂತದಲ್ಲಿ ಹೇಳುತ್ತೇನೆ.

ಕೃಷಿ ಯಾವುದು, ಯಾವುದಲ್ಲ ಎಂಬಲ್ಲಿ ಗೊಂದಲ ಜಾಸ್ತಿ. ನಿಮ್ಮದೇ ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ರಾಶಿಯಾಗಿಯೋ, ಬೇಯಿಸದೆ ಒಣಗಿಸಿ ಸುಲಿದು ಚಾಲಿಯಾಗಿಯೋ ಮಾರಿದರೆ ಅದು ಕೃಷಿ ಆದಾಯ. ಅಕ್ಕಪಕ್ಕದವರ ಹಸಿ ಅಡಿಕೆ ಕೊಂಡು ಸಂಸ್ಕರಿಸಿ ಮಾರಿದರೆ ಅದು ವ್ಯಾಪಾರ. ನರ್ಸರಿಯಲ್ಲಿ ಬೆಳೆಸಿದ ಸಸಿ ಮಾರಿದ್ದು ಕೃಷಿ. ಹಾಲು, ಕೋಳಿ, ಜೇನು ಸಾಕಣೆ ಕೃಷಿಯಲ್ಲ. ಕರಾವಳಿಯವರು ಒಂದು ಮಾತು ಗಮನಿಸಿ: ಮೀನುಗಾರಿಕೆ ಕೃಷಿ ಆದಾಯವಲ್ಲ. ಬೈತಖೋಲದಲ್ಲಿ ಬೋಟ್ ಇಟ್ಟವರಿಗೂ ತದಡಿಯಲ್ಲಿ ಬೋಟ್ ಇಟ್ಟವರಿಗೂ ಅದು ವ್ಯಾಪಾರದ ಆದಾಯವೇ.

ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆ ಹೋಮ್‌ಸ್ಟೇ ನಡೆಸಿ, ಬಂದವರಿಗೆ ಊಟ ತಿಂಡಿ ಕೊಡುತ್ತಿದ್ದರೆ ಅದನ್ನೂ ಮನೆ ಬಾಡಿಗೆ ಅಂತ ತೋರಿಸಬೇಡಿ, ಅದು ವ್ಯಾಪಾರ. ಬುಕಿಂಗ್ ಆ್ಯಪ್‌ಗಳು ಕಡಿತ ಮಾಡಿದ ಟಿಡಿಎಸ್ ಮೂಲಕ ಆ ವಹಿವಾಟು ನಿಮ್ಮ ಎಐಎಸ್‌ನಲ್ಲೂ ಬರಬಹುದು.

ಹಂತ 4: ಈಗ ತೀರ್ಮಾನ

ಧೈರ್ಯವಾಗಿ ನೀವೇ ತುಂಬಬಹುದು

ಸಂಬಳ ಅಥವಾ ಪಿಂಚಣಿ, ಒಂದು ಮನೆ, ಠೇವಣಿ ಬಡ್ಡಿ, ಒಟ್ಟು 50 ಲಕ್ಷದೊಳಗೆ, ಕೃಷಿ ಆದಾಯ 5,000 ರೂ. ದಾಟಿಲ್ಲ ಎಂದರೆ ಎಲ್ಲಕ್ಕಿಂತ ಸರಳವಾದ ರಿಟರ್ನ್ ಫಾರ್ಮ್ ಐಟಿಆರ್-1 ಸಾಕು. ಮ್ಯೂಚುವಲ್ ಫಂಡ್ ಅಥವಾ ಪಟ್ಟಿಯಾದ ಶೇರುಗಳಲ್ಲಿ 1.25 ಲಕ್ಷದೊಳಗಿನ ದೀರ್ಘಾವಧಿ ಲಾಭ ಇದ್ದರೂ ಇದೇ ಫಾರ್ಮ್. ನೌಕಾನೆಲೆಯ ಸಿಬ್ಬಂದಿ, ಶಾಲಾ ಶಿಕ್ಷಕರು, ನಿವೃತ್ತ ಬ್ಯಾಂಕ್ ನೌಕರರು ಹೆಚ್ಚಿನವರು ಈ ಗುಂಪಿನವರು. ಇದಕ್ಕೆ ಸರ್ಕಾರಿ ಪೋರ್ಟಲ್ ಸಾಕು, ಖಾಸಗಿ ಆ್ಯಪ್‌ಗೂ ದುಡ್ಡು ಕೊಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವರ್ಷದ ನಡುವೆ ಕೆಲಸ ಬದಲಿಸಿದವರು ಮಾತ್ರ ಹುಷಾರು. ಗೋವಾದ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದ್ದರೆ ಎರಡು ಫಾರ್ಮ್ 16 ಇರುತ್ತವೆ. ಹಳೆಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಟ್ಟಿರದಿದ್ದರೆ ಎರಡೂ ಕಡೆ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ) ಕಳೆದಿರುತ್ತಾರೆ, ಎರಡೂ ಕಡೆ ಮೊದಲ 4 ಲಕ್ಷಕ್ಕೆ ತೆರಿಗೆ ಬಿಟ್ಟಿರುತ್ತಾರೆ. ಸೇರಿಸಿದಾಗ ಬಾಕಿ ತೆರಿಗೆ ಕಟ್ಟಬೇಕಾಗಿ ಬರುತ್ತದೆ. ಸಾಫ್ಟ್‌ವೇರ್ ತಪ್ಪು ಲೆಕ್ಕ ಮಾಡಿದೆ ಎಂದು ಗಾಬರಿಯಾಗಬೇಡಿ, ಲೆಕ್ಕ ಸರಿಯೇ ಇರುತ್ತದೆ.

ಸಂಬಳದ ಜೊತೆ ಅಡಿಕೆ ತೋಟ ಇದ್ದವರು

ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಜಾಸ್ತಿ ತಪ್ಪುವುದು ಇಲ್ಲಿ. ನಿವ್ವಳ ಕೃಷಿ ಆದಾಯ 5,000 ರೂ. ದಾಟಿದ ಕೂಡಲೇ ಐಟಿಆರ್-1 ಬಳಸುವ ಹಾಗಿಲ್ಲ, ಐಟಿಆರ್-2 ಆಗಬೇಕು. ಜೊತೆಗೆ ಅಂಗಡಿಯೋ ಹೋಮ್‌ಸ್ಟೇಯೋ ಇದ್ದರೆ ಸರಳ ಫಾರ್ಮ್ ಐಟಿಆರ್-4 ಕೂಡ ತಪ್ಪಿಹೋಗುತ್ತದೆ, ಐಟಿಆರ್-3 ತುಂಬಬೇಕು.

ಕೃಷಿಗೆ ನೇರ ತೆರಿಗೆ ಇಲ್ಲ, ನಿಜ. ಆದರೆ ಉಳಿದ ಆದಾಯ ತೆರಿಗೆಯ ಮಿತಿ ದಾಟಿದ್ದರೆ, ದರ ನಿಗದಿ ಮಾಡಲು ಕೃಷಿ ಆದಾಯವನ್ನು ಸೇರಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಕೈಗಾದಲ್ಲಿ ಕೆಲಸ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 14 ಲಕ್ಷ, ಊರಿನ ತೋಟದಿಂದ ಖರ್ಚು ಕಳೆದು 3 ಲಕ್ಷ ಎಂದಿಟ್ಟುಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ) 14 ಲಕ್ಷಕ್ಕೆ ಮಾತ್ರ ತೆರಿಗೆ 90,000 ರೂ. ಕೃಷಿ ಸೇರಿಸಿದಾಗ ಮೊದಲು 17 ಲಕ್ಷಕ್ಕೆ ತೆರಿಗೆ ನೋಡಬೇಕು: 1,40,000 ರೂ. ಆಮೇಲೆ ವಿನಾಯಿತಿ ಮಿತಿ 4 ಲಕ್ಷಕ್ಕೆ ಕೃಷಿಯ 3 ಲಕ್ಷ ಕೂಡಿಸಿ, ಆ 7 ಲಕ್ಷಕ್ಕೆ ತೆರಿಗೆ ನೋಡಬೇಕು: 15,000 ರೂ. ಒಂದರಲ್ಲಿ ಇನ್ನೊಂದು ಕಳೆದರೆ 1,25,000 ರೂ. ಅಂದರೆ 35,000 ರೂ. ವ್ಯತ್ಯಾಸ, ಅದರ ಮೇಲೆ ಶೇ. 4 ಸೆಸ್. ತೋಟದ ಆದಾಯ ಬರೆಯದೆ ಬಿಟ್ಟರೆ ಇಷ್ಟು ತೆರಿಗೆ ಕಡಿಮೆ ಕಟ್ಟಿದ ಹಾಗೆ.

ಈ ಲೆಕ್ಕವನ್ನು ಸಾಫ್ಟ್‌ವೇರ್ ತಾನೇ ಮಾಡುತ್ತದೆ. ಅಂಕಿ ಕೊಡಬೇಕಾದವರು ನೀವು. ಅಡಿಕೆ ಮಾರಿದ ಒಟ್ಟು ಮೊತ್ತ, ಅದರಿಂದ ಕೊನೆ ಕೊಯ್ಲು, ಸುಲಿಯುವ ಕೂಲಿ, ಮದ್ದು, ಗೊಬ್ಬರದ ಖರ್ಚು ಕಳೆದು ಉಳಿದದ್ದನ್ನು 'ಎಕ್ಸೆಂಪ್ಟ್ ಇನ್‌ಕಮ್' ಭಾಗದಲ್ಲಿ ತೋರಿಸಬೇಕು. ನಿವ್ವಳ 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಜಮೀನಿನ ವಿಸ್ತೀರ್ಣ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆ ಆಶ್ರಿತವೋ ಎಂದೂ ಕೇಳುತ್ತದೆ. ವಿಸ್ತೀರ್ಣ ಎಕರೆಯಲ್ಲಿ ಕೊಡಬೇಕು. ಪಹಣಿಯಲ್ಲಿ 2 ಎಕರೆ 10 ಗುಂಟೆ ಅಂತ ಇದ್ದರೆ 2.10 ಅಂತ ಹೊಡೆಯಬೇಡಿ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು 2.25.

ಸಂಬಳ ಮತ್ತು ನಿಮ್ಮದೇ ಹೆಸರಿನ ತೋಟ, ಇಷ್ಟೇ ಇದ್ದರೆ ಐಟಿಆರ್-2 ನೀವೇ ತುಂಬಬಹುದು. ಪಹಣಿ ಅಪ್ಪನ ಹೆಸರಲ್ಲಿ, ಪಟ್ಟಿ ಅಣ್ಣನ ಹೆಸರಲ್ಲಿ, ಹಣ ನಿಮ್ಮ ಖಾತೆಗೆ ಎಂಬ ಸ್ಥಿತಿ ಇದ್ದರೆ ಒಮ್ಮೆ ಆಡಿಟರ್ ಹತ್ತಿರ ಕೂತು ಮಾತಾಡಿ. ಅವಿಭಕ್ತ ಕುಟುಂಬಕ್ಕೆ ಬೇರೆ ಪ್ಯಾನ್ ಬೇಕೋ, ಯಾರ ಪಾಲು ಎಷ್ಟು ಎಂದು ಯಾವ ಆ್ಯಪ್ ಕೂಡ ಹೇಳಿಕೊಡುವುದಿಲ್ಲ.

ಆಡಿಟರ್ ಬೇಕೇ ಬೇಕು

ಜಮೀನು ಮಾರಿದ್ದರೆ. ಗ್ರಾಮೀಣ ಕೃಷಿ ಜಮೀನು ಮಾರಿದ್ದಕ್ಕೆ ಕ್ಯಾಪಿಟಲ್ ಗೇನ್ಸ್ (ಆಸ್ತಿ ಮಾರಿದ ಲಾಭದ) ತೆರಿಗೆ ಇಲ್ಲ. ಆದರೆ 'ಗ್ರಾಮೀಣ' ಎಂಬುದಕ್ಕೆ ಅಳತೆ ಇದೆ. ಕಾರವಾರ, ಶಿರಸಿ ಎರಡರ ಜನಸಂಖ್ಯೆಯೂ 2011ರ ಜನಗಣತಿಯಲ್ಲಿ 10 ಸಾವಿರಕ್ಕಿಂತ ಮೇಲೆ, 1 ಲಕ್ಷಕ್ಕಿಂತ ಕೆಳಗೆ. ಇಂಥ ಊರುಗಳಲ್ಲಿ ನಗರಸಭೆಯ ಒಳಗಿನ ಜಮೀನು, ಗಡಿಯಿಂದ 2 ಕಿ.ಮೀ. ಒಳಗಿನ ಜಮೀನು ಗ್ರಾಮೀಣ ಅಲ್ಲ. ಆ 2 ಕಿ.ಮೀ. ಅನ್ನು ಅಳೆಯುವುದು ನೇರ ಗೆರೆಯಲ್ಲಿ, ರಸ್ತೆಯ ಸುತ್ತಿನಲ್ಲಲ್ಲ. ಘಟ್ಟದ ತಿರುವುಗಳಿರುವ ಕಡೆ ಈ ಎರಡರ ನಡುವೆ ಬಹಳ ಅಂತರ ಬರುತ್ತದೆ. ಹಣ ಕೈಗೆ ಬರುವ ಮೊದಲೇ ಹೋಗಿ ಕೇಳಿ. ಬೇರೆ ಜಮೀನು ಅಥವಾ ಮನೆ ಕೊಂಡು ತೆರಿಗೆ ಉಳಿಸುವ ದಾರಿಗಳಿಗೆಲ್ಲ ಗಡುವು ಇದೆ.

ಭೂಸ್ವಾಧೀನದ ಪರಿಹಾರ ಬಂದಿದ್ದರೆ. ಸೀಬರ್ಡ್ ನೌಕಾನೆಲೆ ಇರಲಿ, ಹೆದ್ದಾರಿ ಇರಲಿ, ಮೂಲ ಪರಿಹಾರಕ್ಕೆ ಒಂದು ನಿಯಮ, ಬಡ್ಡಿಗೆ ಇನ್ನೊಂದು. ತಡವಾದ ಅಥವಾ ಹೆಚ್ಚಿಸಿದ ಪರಿಹಾರದ ಮೇಲಿನ ಬಡ್ಡಿ ಕೈಗೆ ಬಂದ ವರ್ಷದ ಆದಾಯವಾಗುತ್ತದೆ, ಅದರಲ್ಲಿ ಅರ್ಧ ಕಳೆಯಲು ಅವಕಾಶವಿದೆ. ಯಾವ ಕಾಯ್ದೆಯಡಿ ಸ್ವಾಧೀನ ಆಯಿತು ಎಂಬುದರ ಮೇಲೆ ಉಳಿದ ಲೆಕ್ಕ ನಿಂತಿದೆ. ಆದೇಶದ ಪ್ರತಿ ಹಿಡಿದುಕೊಂಡೇ ಹೋಗಿ.

ಕೊಲ್ಲಿ ದೇಶದಲ್ಲಿ ಅಥವಾ ಹಡಗಿನಲ್ಲಿ ಕೆಲಸ ಇದ್ದರೆ. ಭಟ್ಕಳ, ಹೊನ್ನಾವರ, ಕಾರವಾರದ ಎಷ್ಟೋ ಮನೆಗಳ ಕಥೆ ಇದು. ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅನಿವಾಸಿಗಳಿಗೆ ಐಟಿಆರ್-1 ಇಲ್ಲ, 12 ಲಕ್ಷದ ತನಕದ ಆದಾಯಕ್ಕೆ ಸಿಗುವ ತೆರಿಗೆ ರಿಬೇಟೂ ಇಲ್ಲ. ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದವರ ಹೆಸರಲ್ಲಿ ಅಲ್ಲಿ ಬ್ಯಾಂಕ್ ಖಾತೆ ಉಳಿದಿದ್ದರೆ ಅದನ್ನು ಯಾವ ವರ್ಷದಿಂದ ತೋರಿಸಬೇಕು ಎಂದು ಕೇಳಿಕೊಳ್ಳಿ. ತೋರಿಸಬೇಕಾದ್ದನ್ನು ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂ. ದಂಡಕ್ಕೆ ಅವಕಾಶವಿದೆ.

ಎಫ್ ಆ್ಯಂಡ್ ಒ (ಶೇರು ಮಾರುಕಟ್ಟೆಯ ಫ್ಯೂಚರ್ಸ್, ಆಪ್ಷನ್ಸ್) ವಹಿವಾಟು ಮಾಡಿದ್ದರೆ, ನಷ್ಟವೇ ಆಗಿದ್ದರೂ, ಅದು ವ್ಯಾಪಾರದ ಲೆಕ್ಕ, ಐಟಿಆರ್-3. ಹಳೆಯ ವರ್ಷದ ನೋಟಿಸ್ ಬಾಕಿ ಇದ್ದರೂ ಆಡಿಟರ್ ಹತ್ತಿರವೇ ಹೋಗಿ.

ನಡುವಿನ ದಾರಿಯೂ ಇದೆ. ಈ ವರ್ಷ ಆಡಿಟರ್ ಹತ್ತಿರ ಮಾಡಿಸಿ, ಯಾವ ಅಂಕಿ ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಿ. ಬರುವ ವರ್ಷ ಆದಾಯದ ಬಗೆ ಬದಲಾಗದಿದ್ದರೆ ಅದನ್ನೇ ಮುಂದಿಟ್ಟುಕೊಂಡು ನೀವೇ ತುಂಬಿ.

ಹಂತ 5: ನೀವೇ ತುಂಬುವಾಗ

ಜೂನ್ ಕೊನೆಯಲ್ಲಿ ಕೂರಿ. ಸಂಬಳದವರಿಗೆ ಗಡುವು ಸಾಮಾನ್ಯವಾಗಿ ಜುಲೈ 31. ಆ ವರ್ಷದ ದಿನಾಂಕವನ್ನು ಪೋರ್ಟಲ್‌ನಲ್ಲೇ ಖಚಿತ ಮಾಡಿಕೊಳ್ಳಿ.

ಮೊದಲು ಪದ್ಧತಿ ಆರಿಸಿ. ಏನೂ ಆರಿಸದಿದ್ದರೆ ಹೊಸ ಪದ್ಧತಿ ತಾನಾಗಿ ಬರುತ್ತದೆ. ಗೃಹಸಾಲದ ಬಡ್ಡಿ, ಎಲ್‌ಐಸಿ, ಮನೆ ಬಾಡಿಗೆ ಭತ್ಯೆ ದೊಡ್ಡದಿದ್ದರೆ ಎರಡರಲ್ಲೂ ಲೆಕ್ಕ ಹಾಕಿ ಹೋಲಿಸಿ. ವ್ಯಾಪಾರದ ಆದಾಯ ಇದ್ದವರು ಹಳೆಯ ಪದ್ಧತಿ ಬೇಕೆಂದರೆ ಗಡುವಿನೊಳಗೆ ಫಾರ್ಮ್ 10-ಐಇಎ ಬೇರೆ ಹಾಕಬೇಕು. ಗಡುವು ದಾಟಿದ ಮೇಲೆ ತುಂಬಿದರೆ ಸಂಬಳದವರಿಗೆ ಹಳೆಯ ಪದ್ಧತಿ ಸಿಗುವುದಿಲ್ಲ.

ಆಮೇಲೆ, ಪೋರ್ಟಲ್ ತುಂಬಿಕೊಟ್ಟ ಅಂಕಿಗಳನ್ನು ನಿಮ್ಮ ಹಂತ 3ರ ಹಾಳೆ ಜೊತೆ ಸಾಲು ಸಾಲಾಗಿ ಹೋಲಿಸಿ. ತುಂಬಿ ಬಂದಿದೆ ಎಂದ ಮಾತ್ರಕ್ಕೆ ಸರಿ ಇದೆ ಎಂದಲ್ಲ.

'12 ಲಕ್ಷದ ತನಕ ತೆರಿಗೆ ಇಲ್ಲ, ರಿಟರ್ನ್ ಯಾಕೆ?' ಎಂದು ಬಿಡುವವರಿದ್ದಾರೆ. ರಿಬೇಟ್‌ನಿಂದ ತೆರಿಗೆ ಸೊನ್ನೆಯಾಗುತ್ತದೆ, ರಿಟರ್ನ್ ಹಾಕುವ ಹೊಣೆ ಹೋಗುವುದಿಲ್ಲ. ಹೊಸ ಪದ್ಧತಿಯಲ್ಲಿ ಆದಾಯ 4 ಲಕ್ಷ ದಾಟಿದರೆ ಹಾಕಲೇಬೇಕು. ಇನ್ನೊಂದು, ಜಾಗ ಅಥವಾ ಶೇರು ಮಾರಿದ ಲಾಭಕ್ಕೆ ವಿಶೇಷ ದರದ ತೆರಿಗೆ ಇದ್ದರೆ ಆ ತೆರಿಗೆಗೆ ಈ ರಿಬೇಟ್ ತಾಗುವುದಿಲ್ಲ.

ಹಂತ 6: ಆಡಿಟರ್ ಹತ್ತಿರ ಹೋಗುವಾಗ

ನಮ್ಮ ಕಡೆ ಲೆಕ್ಕ ಬರೆಯುವ ಎಲ್ಲರಿಗೂ ಆಡಿಟರ್ ಎಂದೇ ಹೇಳುತ್ತೇವೆ. ಎದುರಿಗಿರುವವರು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಹೌದೋ, ತೆರಿಗೆ ವಕೀಲರೋ, ಅನುಭವದ ಮೇಲೆ ರಿಟರ್ನ್ ತುಂಬುವವರೋ ಎಂದು ನೇರವಾಗಿ ಕೇಳಿ. ಸಿಎ ಆದರೆ ಅವರ ಸಂಸ್ಥೆಯಾದ ಐಸಿಎಐಯ ಸದಸ್ಯತ್ವ ಸಂಖ್ಯೆ ಇರುತ್ತದೆ, ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಶುಲ್ಕ ಎಷ್ಟು, ನೋಟಿಸ್ ಬಂದರೆ ಉತ್ತರ ಕೊಡುವುದು ಅದರಲ್ಲೇ ಸೇರಿದೆಯೇ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಜುಲೈ 25ರ ಮೇಲೆ ಹೋದರೆ ನಿಮ್ಮ ಕಾಗದ ಬಿಡಿಸಿ ನೋಡಲೂ ಅವರಿಗೆ ಪುರುಸೊತ್ತು ಇರುವುದಿಲ್ಲ.

ಈ ಲಕ್ಷಣ ಕಂಡರೆ ಎದ್ದು ಬನ್ನಿ:

'ಇಷ್ಟು ರಿಫಂಡ್ ಬರಿಸಿಕೊಡ್ತೇನೆ, ಅದರಲ್ಲಿ ಇಷ್ಟು ಪರ್ಸೆಂಟ್ ನನಗೆ' ಎನ್ನುವುದು. ರಿಟರ್ನ್ ತುಂಬಲು ಹೀಗೆ ರಿಫಂಡ್‌ನಲ್ಲಿ ಪಾಲು ಕೇಳುವುದು ಸಿಎಗಳ ವೃತ್ತಿ ನಿಯಮಕ್ಕೆ ವಿರುದ್ಧ.

ನೀವು ಕೊಡದ ದೇಣಿಗೆ, ಕಟ್ಟದ ವಿಮೆ, ಇಲ್ಲದ ಮನೆ ಬಾಡಿಗೆ ಹಾಕುವುದು. 2025ರ ಜುಲೈನಲ್ಲಿ ಇಲಾಖೆ ಇಂಥ ಸುಳ್ಳು ಕಡಿತ ಹಾಕಿಕೊಡುವವರ ಮೇಲೆ ದೇಶದ ಹಲವು ಕಡೆ ಪರಿಶೀಲನೆ ನಡೆಸಿತು. ಸುಳ್ಳು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ತೆರಿಗೆಯ ಶೇ. 200ರಷ್ಟು ದಂಡ. ಅದು ಬೀಳುವುದು ನಿಮ್ಮ ಪ್ಯಾನ್ ಮೇಲೆ, ತುಂಬಿಕೊಟ್ಟವರ ಮೇಲಲ್ಲ.

ಎಐಎಸ್ ನೋಡದೆ ಬರೀ ಫಾರ್ಮ್ 16 ಇಸಿದುಕೊಂಡು 'ಸಾಕು' ಎನ್ನುವುದು. ಪಾಸ್‌ವರ್ಡ್ ಬದಲಿಸಿ ನಿಮಗೆ ಹೇಳದಿರುವುದು. ಸಲ್ಲಿಸಿದ ರಿಟರ್ನ್ ಪ್ರತಿ ಕೊಡಲು ಹಿಂದೆ ಮುಂದೆ ನೋಡುವುದು.

ಸಲ್ಲಿಸುವ ಮೊದಲು ಕರಡನ್ನು ಕೇಳಿ ಪಡೆಯಿರಿ. ಒಟ್ಟು ಆದಾಯ, ಕಡಿತಗಳು, ಕೃಷಿ ಆದಾಯ, ಬ್ಯಾಂಕ್ ಖಾತೆ, ಈ ನಾಲ್ಕನ್ನು ನಿಮ್ಮ ಹಾಳೆ ಜೊತೆ ನೋಡಿ. ಓಟಿಪಿ ಆಮೇಲೆ ಕೊಟ್ಟರಾಯಿತು.

ಹಂತ 7: ಇ-ವೆರಿಫೈ ಮತ್ತು ಆಮೇಲಿನ ಕೆಲಸ

ಸಲ್ಲಿಸಿದರೆ ಮುಗಿಯಲಿಲ್ಲ. 30 ದಿನದೊಳಗೆ ವೆರಿಫೈ ಮಾಡಬೇಕು, ಇಲ್ಲದಿದ್ದರೆ ಗಡುವಿನೊಳಗೆ ಸಲ್ಲಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆಧಾರ್ ಓಟಿಪಿ, ನೆಟ್ ಬ್ಯಾಂಕಿಂಗ್ ಸುಲಭ. ಎರಡೂ ಆಗದಿದ್ದರೆ ಐಟಿಆರ್-ವಿ (ವೆರಿಫೈ ಮಾಡಲು ಸಿಗುವ ಸ್ವೀಕೃತಿ) ಪ್ರತಿಗೆ ಸಹಿ ಹಾಕಿ ಬೆಂಗಳೂರಿನಲ್ಲಿರುವ ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ.

ತಡವಾದರೆ ಡಿಸೆಂಬರ್ 31ರ ತನಕ ಹಾಕಬಹುದು. 5 ಲಕ್ಷದೊಳಗಿನ ಆದಾಯಕ್ಕೆ 1,000 ರೂ. ತನಕ, ಅದಕ್ಕಿಂತ ಮೇಲಿದ್ದರೆ 5,000 ರೂ. ತಡ ಶುಲ್ಕ. ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ.

ಕೆಲವು ದಿನ ಅಥವಾ ವಾರಗಳಲ್ಲಿ ರಿಟರ್ನ್ ಪರಿಶೀಲಿಸಿದ ಫಲಿತಾಂಶ ತಿಳಿಸುವ 143(1) ಸೂಚನೆ ಇಮೇಲ್‌ಗೆ ಬರುತ್ತದೆ. ಅದರಲ್ಲಿ ಎರಡು ಕಾಲಂ ಅಕ್ಕಪಕ್ಕ ಇರುತ್ತವೆ: ನೀವು ತೋರಿಸಿದ್ದು, ಇಲಾಖೆ ಲೆಕ್ಕ ಹಾಕಿದ್ದು. ಎರಡೂ ಒಂದೇ ಇದ್ದರೆ ಫೈಲ್‌ಗೆ ಸೇರಿಸಿ ಇಡಿ. ಬೇರೆ ಇದ್ದರೆ ಯಾವ ಸಾಲಿನಲ್ಲಿ ವ್ಯತ್ಯಾಸ ಶುರುವಾಯಿತು ಎಂದು ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ, ಹೆಚ್ಚಾಗಿ ಬಡ್ಡಿಯಲ್ಲೋ ಟಿಡಿಎಸ್‌ನಲ್ಲೋ ಸಿಗುತ್ತದೆ. ಅದರ ಬದಲು 139(9)ರ ನೋಟಿಸ್ ಬಂದರೆ ರಿಟರ್ನ್ ದೋಷಪೂರ್ಣ ಎಂದರ್ಥ, ತಪ್ಪು ಫಾರ್ಮ್ ಬಳಸಿದವರಿಗೂ ಇದು ಬರಬಹುದು. ಸರಿಪಡಿಸಲು 15 ದಿನ ಇರುತ್ತದೆ. ನೀವೇ ತುಂಬಿದ್ದು, ಕಾರಣ ಅರ್ಥವಾಗದಿದ್ದರೆ ಆ 15 ದಿನದಲ್ಲಿ ಮೊದಲ ವಾರವೇ ನೋಟಿಸ್, ಎಐಎಸ್, ಸಲ್ಲಿಸಿದ ಪ್ರತಿ ಮೂರನ್ನೂ ಹಿಡಿದುಕೊಂಡು ಆಡಿಟರ್ ಹತ್ತಿರ ಹೋಗಿ.